ಇಂಡಿ ಇಲ್ಲ ಎಂದ ಪ್ರೋಗ್ರಾಮು

ಸಿಂದಗಿಯ ಕಾಲೇಜಿನಲ್ಲಿ ನನ್ನನ್ನು ಫೇಲು ಮಾಡಿದ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾನು ಇಂಡಿಯವಳು. ಅಬ್ಬಾ ಊರಲ್ಲಿ ಟೇಲರ್ ಅಂಗಡಿ ಇಟ್ಟಿದ್ದರು. ಬಿಸಿಎ ಓದಲು ದಿನಾ ಬೆಳಿಗ್ಗೆ ಸಿಂದಗಿ ಬಸ್ಸು ಹಿಡಿಯುತ್ತಿದ್ದೆ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದು, ಬಸ್ಸಿನಲ್ಲಿ ತಿದ್ದಿ, ಲ್ಯಾಬಿನಲ್ಲಿ ಸಿಗುವ ಒಂದು ತಾಸಿನಲ್ಲಿ ಟೈಪ್ ಮಾಡುತ್ತಿದ್ದೆ.

ಲ್ಯಾಬ್ ನೋಡಿಕೊಳ್ಳುತ್ತಿದ್ದ ಉಪನ್ಯಾಸಕರು ಒಂದು ದಿನ ಹೊಸ ಪ್ರೋಗ್ರಾಮು ಬರೆಸಿದರು. ಒಂದು ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದರಂತೆ ಊರುಗಳ ಹೆಸರುಗಳಿರುತ್ತವೆ. ನಾವು ಒಂದು ಊರಿನ ಹೆಸರು ಟೈಪ್ ಮಾಡಬೇಕು. ಪ್ರೋಗ್ರಾಮು ಫೈಲಿನಲ್ಲಿರುವ ಪ್ರತಿ ಹೆಸರನ್ನೂ ಅದಕ್ಕೆ ಹೋಲಿಸಿ, ಎರಡೂ ಒಂದೇ ಆಗಿದ್ದರೆ ‘ಇದೆ’, ಇಲ್ಲದಿದ್ದರೆ ‘ಇಲ್ಲ’ ಎನ್ನಬೇಕು. ಅವರು ಬರೆಸಿದ್ದು ಫೈಲಿನಿಂದ ಒಂದು ಸಲಕ್ಕೆ ಒಂದು ಪದ ಮಾತ್ರ ಓದುತ್ತಿತ್ತು. ನಾನು ಕೈ ಎತ್ತಿದೆ.

“ಸರ್, ಬಸವನ ಬಾಗೇವಾಡಿ ಅಂತ ಇದ್ರ ಹೆಂಗ್ರಿ? ಎರಡು ಪದ ಆಗ್ತಾವಲ್ರಿ.”

“ಬಾಗೇವಾಡಿ ಅಂತಷ್ಟ ಬರಿ. ನಿನಗ ಬಸವನ ಅನ್ನಾಕ ಯಾರ ಹೇಳ್ಯಾರ?”

ಕ್ಲಾಸು ನಕ್ಕಿತು. ಅವರು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಅಂದಿನಿಂದ ಅವರ ಕಣ್ಣು ನನ್ನ ಮೇಲೆ ಬಿತ್ತು.

ಬಸ್ಸಿನಲ್ಲಿ ಕೂತು ಆ ಪ್ರೋಗ್ರಾಮನ್ನು ನನ್ನದೇ ರೀತಿಯಲ್ಲಿ ಬರೆದೆ. ಪದದ ಬದಲು ಪೂರಾ ಸಾಲನ್ನೇ ಓದುವ ಫಂಕ್ಷನ್ ಹಾಕಿದೆ. ಲ್ಯಾಬಿನಲ್ಲಿ ‘ಬಸವನ ಬಾಗೇವಾಡಿ’ ಎಂಬ ಒಂದೇ ಹೆಸರಿರುವ ಫೈಲು ಮಾಡಿ ಪರೀಕ್ಷಿಸಿದಾಗ ‘ಇದೆ’ ಎಂದು ಬಂತು. ಅಷ್ಟಕ್ಕೇ ಸಮಾಧಾನಪಟ್ಟದ್ದು ನನ್ನ ತಪ್ಪು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ನನಗೆ ಬಂದದ್ದು ಅದೇ ಪ್ರಶ್ನೆ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಫೈಲಿಗೆ ನಾಲ್ಕು ಊರು ಹೇಳಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಮೊದಲು ನಮ್ಮೂರನ್ನೇ ಹುಡುಕಿದೆ. ‘ಇಲ್ಲ’ ಎಂದು ಬಂತು. ಸಿಂದಗಿ ಇಲ್ಲ. ಮುದ್ದೇಬಿಹಾಳ ಇಲ್ಲ. ಬಸವನ ಬಾಗೇವಾಡಿ ಮಾತ್ರ ಇದೆ. ಪರದೆಯ ಮೇಲೆ ಫೈಲಿನ ಹೆಸರು, ನಾನು ಹುಡುಕಿದ ಹೆಸರು ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದವು. ಅಕ್ಷರ ಅಕ್ಷರ ಬೆರಳಿಟ್ಟು ನೋಡಿದೆ.

ಉಪನ್ಯಾಸಕರು ಹಿಂದೆ ಬಂದು ನಿಂತರು. “ಇಂಡಿ ಹುಡಿಗಿಗಿ ಇಂಡಿನs ಸಿಗವಲ್ದು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಪರದೆಗೆ ಬಗ್ಗಿ, “ಇದು ನಾ ಕಲಿಸಿದ್ದಲ್ಲ. ಎಲ್ಲಿಂದ ಕಾಪಿ ಹೊಡದಿ?”

“ನಾನs ಬರದೇನ್ರಿ ಸರ್.”

“ನೀನs ಬರದಿದ್ರ, ಯಾಕ ಬರವಲ್ದು ಹೇಳು.”

ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ಆದರೆ ಅವರನ್ನು ಯಾರೂ ಕೇಳಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಗೋಡೆಯ ಪಕ್ಕ ನಿಲ್ಲಿಸಿದರು. ನಾನು ಫೇಲಾದೆ. ಎಂಸಿಎಗೆ ಸಿಗಬೇಕಿದ್ದ ಸೀಟು ಹೋಯಿತು, ಒಂದು ವರ್ಷ ಮನೆಯಲ್ಲಿ ಕೂತೆ. ಅಂಗಡಿಗೆ ಬಂದವರು ಮಗಳ ಓದಿನ ಬಗ್ಗೆ ಕೇಳಿದರೆ ಅಬ್ಬಾ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು. ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಆ ವರ್ಷ ಇಂಡಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಮಧ್ಯಾಹ್ನ ಯಾರೂ ಇಲ್ಲದಾಗ ಅದೇ ಪ್ರೋಗ್ರಾಮು ತೆರೆದು ಕೂರುತ್ತಿದ್ದೆ. ಒಂದು ದಿನ ಏನೋ ಹೊಳೆದು, ಫೈಲಿನಿಂದ ಓದಿದ ಪ್ರತಿ ಹೆಸರಿನ ಎರಡೂ ಬದಿಗೆ ಕಂಸ ಹಾಕಿ ಪ್ರಿಂಟ್ ಮಾಡಿಸಿದೆ. ಇಂಡಿಯ ತೆರೆಯುವ ಕಂಸ ಸರಿಯಾಗಿಯೇ ಇತ್ತು. ಮುಚ್ಚುವ ಕಂಸ ಮಾತ್ರ ಕೆಳಗಿನ ಸಾಲಿಗೆ ಬಿದ್ದಿತ್ತು.

ಪೂರಾ ಸಾಲು ಓದುವಾಗ ಸಾಲಿನ ಕೊನೆಗೆ ಒತ್ತಿದ ಎಂಟರ್ ಕೂಡ ಹೆಸರಿಗೆ ಅಂಟಿಕೊಂಡು ಬರುತ್ತಿತ್ತು. ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚು. ಹಾಗಾಗಿ ಹೋಲಿಸಿದರೆ ಎರಡೂ ಬೇರೆ. ಕೊನೆಯ ಹೆಸರಿನ ನಂತರ ನಾನು ಎಂಟರ್ ಒತ್ತಿರಲಿಲ್ಲ, ಅದಕ್ಕೇ ಬಸವನ ಬಾಗೇವಾಡಿ ಸಿಕ್ಕಿತ್ತು. ಆ ಅಕ್ಷರ ತೆಗೆಯಲು ಒಂದೇ ಸಾಲು ಸೇರಿಸಿದೆ. ನಾಲ್ಕೂ ಊರು ಬಂದವು.

ಮರುದಿನವೇ ಪ್ರಿಂಟ್ ತೆಗೆದುಕೊಂಡು ಸಿಂದಗಿಗೆ ಹೋದೆ. ಅವರು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದರು. “ಸರ್, ತಪ್ಪು ಸಿಕ್ತ್ರಿ,” ಎಂದು ಕಾಗದ ಮುಂದಿಟ್ಟೆ. ಅವರು ಓದಲಿಲ್ಲ. ಚಹಾದ ಗ್ಲಾಸನ್ನು ಅದರ ಮೇಲಿಟ್ಟು, “ರಿಸಲ್ಟ್ ಆಗಿ ಹೋಗೇತವಾ, ಇನ್ನೇನ ಮಾಡಾಕ ಬರ್ತೈತಿ,” ಎಂದು ಪಕ್ಕದವರ ಜೊತೆ ಮಾತಿಗೆ ತೊಡಗಿದರು. ಆವತ್ತು ತಿರುಗಿ ಬರುವ ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ. ಈ ಮನುಷ್ಯ ಒಂದು ದಿನ ಅದೇ ಲ್ಯಾಬಿನಲ್ಲಿ, ಅಷ್ಟೇ ಜನರ ಮುಂದೆ, ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು ಎಂದುಕೊಂಡೆ. ಮತ್ತೆ ಪರೀಕ್ಷೆ ಕಟ್ಟಿದ್ದು, ಮುಂದೆ ಓದಿದ್ದು, ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಕೆಲಸ ಹಿಡಿದದ್ದು, ಎಲ್ಲದರ ಅಡಿಯಲ್ಲೂ ಅದೊಂದು ಹಟವಿತ್ತು.

ಹಲವು ವರ್ಷಗಳ ನಂತರ ಪರೀಕ್ಷಕರ ಪಟ್ಟಿ ಬಂದಾಗ ನನ್ನ ಹೆಸರಿನ ಮುಂದೆ ಅದೇ ಕಾಲೇಜು ಇತ್ತು. ಅಬ್ಬಾಗೆ ಫೋನಿನಲ್ಲಿ ಹೇಳಿದೆ.

“ಆ ಡ್ಯೂಟಿ ಬ್ಯಾರೆದವ್ರಿಗಿ ಕೊಡಾಕ ಬರೂದಿಲ್ಲೇನು? ಹಳೇದೆಲ್ಲಾ ಯಾಕ ಕೆದಕ್ತಿ?”

“ನಾನs ಹೋಗ್ತೇನಿ ಅಬ್ಬಾ.”

ಸಿಂದಗಿಯ ಲ್ಯಾಬಿಗೆ ಹೋದಾಗ, ಆ ಉಪನ್ಯಾಸಕರ ತಲೆ ನೆರೆತಿತ್ತು. ನನ್ನನ್ನು ಗುರುತಿಸಲಿಲ್ಲ. “ಬರ್ರಿ ಮೇಡಂ, ಕೂಡ್ರಿ,” ಎಂದು ಕುರ್ಚಿ ಎಳೆದುಕೊಟ್ಟರು. ಪ್ರಶ್ನೆಗಳ ಪಟ್ಟಿಯಲ್ಲಿ ಆ ಪ್ರೋಗ್ರಾಮು ಇನ್ನೂ ಇತ್ತು. ಒಬ್ಬ ಹುಡುಗಿಯ ಪರದೆಯ ಮೇಲೆ ಅದನ್ನು ನೋಡಿದೆ. ಒಂದು ಅಕ್ಷರವೂ ಬದಲಾಗಿರಲಿಲ್ಲ, ಆ ಪ್ರೋಗ್ರಾಮು ಈಗಲೂ ಒಂದೊಂದೇ ಪದ ಓದುತ್ತಿತ್ತು. ಅದೇ ನಾಲ್ಕು ಊರು ಹಾಕಲು ಹೇಳಿ, ಬಸವನ ಬಾಗೇವಾಡಿಯನ್ನು ಹುಡುಕಿಸಿದೆ. ‘ಇಲ್ಲ’ ಎಂದು ಬಂತು. ಹುಡುಗಿಯ ಮುಖ ಬಿಳಿಚಿತು.

“ನೀ ಏಳವಾ, ನಿಂದೇನೂ ತಪ್ಪಿಲ್ಲ,” ಎಂದೆ. “ಸರ್, ನೀವು ಬಂದು ಕೂಡ್ರಿ.”

ಅವರು ನಗುತ್ತಾ ಬಂದು ಕೂತರು. ಟೈಪ್ ಮಾಡಿದರು. ಇಲ್ಲ. ಫೈಲು ತೆರೆದು ನೋಡಿ, ಮುಚ್ಚಿ, ಮತ್ತೆ ಟೈಪ್ ಮಾಡಿದರು. ಇಲ್ಲ. ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಕತ್ತು ತಿರುಗಿಸತೊಡಗಿದರು.

“ಬಾಗೇವಾಡಿ ಅಂತಷ್ಟ ಹಾಕಿದ್ರ ಬರ್ತೈತ್ರಿ ಮೇಡಂ.”

“ಊರಿನ ಹೆಸರು ಬಸವನ ಬಾಗೇವಾಡಿ ಐತ್ರಿ. ನಾ ಅಲ್ಲಿಂದನ ಬಂದೇನಿ.”

ಅರ್ಧ ತಾಸು ಕೂರಿಸಿದೆ. ನಾನು ಹಿಂದೆ ನಿಂತಿದ್ದೆ, ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ಕಾಣುತ್ತಿತ್ತು. ನನಗೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ.

“ಯಾಕ ಬರವಲ್ದು ಹೇಳ್ರಿ ಸರ್. ನೀವs ಬರದೀರಿ, ಹೌದಲ್ಲ?”

“ಗೊತ್ತಾಗವಲ್ದ್ರಿ,” ಎಂದರು, ತಗ್ಗಿದ ದನಿಯಲ್ಲಿ.

“ಹಿಂದಿನವ್ರಿಗಿ ಕೇಳಲಿಲ್ರಿ.”

“ಗೊತ್ತಿಲ್ರಿ,” ಎಂದು ಜೋರಾಗಿ ಹೇಳಿದರು. ಆಗ ತಿರುಗಿ ನನ್ನ ಮುಖ ನೋಡಿದರು. “ನೀ ಆ ಇಂಡಿ ಹುಡಿಗಿ ಏನು?”

“ಹೌದ್ರಿ. ಹೊರಗ ಹೋಗಿ ಕೂಡ್ರಿ. ಹುಡುಗೂರಿಗಿ ನಾ ಹೇಳ್ತೇನಿ.”

ಅವರು ಹೋದ ಮೇಲೆ ಬೋರ್ಡಿನಲ್ಲಿ ಬರೆದು ತೋರಿಸಿದೆ. ಪದ ಓದಿದರೆ ಬಸವನ ಬೇರೆ, ಬಾಗೇವಾಡಿ ಬೇರೆ ಹೇಗಾಗುತ್ತದೆ, ಸಾಲು ಓದಿದರೆ ಏನಾಗುತ್ತದೆ, ಕಾಣದ ಅಕ್ಷರವನ್ನು ಹೇಗೆ ತೆಗೆಯಬೇಕು, ಎಲ್ಲವನ್ನೂ. ಆ ಬ್ಯಾಚಿನಲ್ಲಿ ಯಾರನ್ನೂ ಫೇಲು ಮಾಡಲಿಲ್ಲ. ನನ್ನ ವರದಿಯಲ್ಲಿ ಮಾತ್ರ, ಒಳ ಪರೀಕ್ಷಕರಾದ ಆ ಕಾಲೇಜಿನ ಉಪನ್ಯಾಸಕರಿಗೆ ತಾವು ಕಲಿಸುವ ಪ್ರೋಗ್ರಾಮು ವಿವರಿಸಲು ಬರುವುದಿಲ್ಲ ಎಂದು ನೇರವಾಗಿ ಬರೆದೆ. ಮುಂದಿನ ವರ್ಷ ಲ್ಯಾಬನ್ನು ಅವರ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟರಂತೆ.

ಕಳೆದ ಬೇಸಿಗೆಯಲ್ಲಿ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನು ಒಂದು ಮದುವೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಕೈಚೀಲ ಹಿಡಿದು ತಾವಾಗಿಯೇ ಹತ್ತಿರ ಬಂದರು.

“ನಿಮ್ಮ ವರದಿಯಿಂದ ಲ್ಯಾಬ್ ಹೋತ್ರಿ ನಂದು.”

“ನಂದು ಒಂದು ವರ್ಷ ಹೋತ್ರಿ ಸರ್.”

ಅವರು ಕೈಚೀಲ ಕೆಳಗಿಟ್ಟರು. ಮುದುಕರಾಗಿದ್ದರು. ಆಮೇಲೆ ನಾನು ನಿರೀಕ್ಷಿಸದ ಮಾತು ಕೇಳಿದರು. “ಅದರಾಗ ತಪ್ಪೇನಿತ್ತು, ಈಗರೆ ಹೇಳ್ರಿ. ನಾ ಭಾಳ ಸಲ ಕುಂತು ನೋಡೇನಿ, ತಿಳೀವಲ್ದು.”

ಹೇಳಲು ಎರಡು ನಿಮಿಷ ಸಾಕಿತ್ತು. ಅವರ ಕಣ್ಣಲ್ಲಿ ಕೇಳಿಕೊಳ್ಳುವ ಭಾವವಿತ್ತು, ಅದು ನನಗೆ ಕಾಣಿಸಲಿಲ್ಲ ಎಂದರೆ ತಪ್ಪಾದೀತು.

“ನಿಮ್ಮ ಹುಡುಗೂರಿಗಿ ಹೇಳೇನ್ರಿ,” ಎಂದೆ. “ಅವ್ರನ್ನ ಕೇಳ್ರಿ.”

ನನ್ನ ಬಸ್ಸು ಬಂತು. ಹತ್ತಿ ಕೂತೆ.