ರೇವಣಸಿದ್ದ ಮಾರಿದ ಒಂಬತ್ತು ರ‍್ಯಾಮ್

ದೇವದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರೇವಣಸಿದ್ದನದು ಕುರಿ ಕಾಯುವ ಮನೆತನ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿತು. ಹಿಂಡಿನ ಹಿಂದೆ ನಡೆಯಲಾಗದವನು ರೇಡಿಯೊ ಬಿಚ್ಚಿದ, ಟಿವಿ ಬಿಚ್ಚಿದ, ಕಡೆಗೆ ಕಂಪ್ಯೂಟರ್ ಮುಂದೆ ಬಂದು ಕೂತ. ಆದರೂ ಹಿಂಡು ಕಾಯುವವರ ಬುದ್ಧಿ ಅವನನ್ನು ಬಿಟ್ಟಿರಲಿಲ್ಲ.

ಅವನ ಅಪ್ಪ ಸಿದ್ದರಾಮಪ್ಪ ಸಂತೆಯಿಂದ ಕುರಿ ತಂದರೆ ಒಡನೆ ಹಿಂಡಿಗೆ ಬಿಡುತ್ತಿರಲಿಲ್ಲ. ಬೇರೆ ಕಟ್ಟಿ, ಬೆಳಗಿನ ತಂಪಿನಲ್ಲಿ ಹೋಗಿ ನೋಡುತ್ತಿದ್ದ. ಕುರಿ ಸುಮ್ಮನೆ ಕೂತು ಮೆಲುಕು ಹಾಕುತ್ತಿದ್ದರೆ ರೋಗವಿಲ್ಲ ಎಂದು ಲೆಕ್ಕ. ಮಗನೂ ಹಾಗೆಯೇ. ಯಾವ ಹೊಸ ಸಾಮಾನು ಬಂದರೂ ಬೆಳಿಗ್ಗೆ ಅಂಗಡಿ ತೆಗೆದವನೇ ಎರಡು ತಾಸು ಓಡಿಸಿ ನೋಡಿ, ಆಮೇಲೆ ಗಿರಾಕಿಗೆ ಕೊಡುತ್ತಿದ್ದ. ಅವನು ನೋಡಿ ಕೊಟ್ಟದ್ದೆಂದರೆ ಜನ ಮತ್ತೆ ಕೇಳುತ್ತಿರಲಿಲ್ಲ.

ಆ ವರ್ಷ ರ‍್ಯಾಮ್ ಬೆಲೆ ಮೂರು ಪಟ್ಟು ಏರಿತು. ಕಂಪ್ಯೂಟರ್ ಕೆಲಸ ಮಾಡುವಷ್ಟು ಹೊತ್ತು ಕಾಗದಪತ್ರಗಳನ್ನು ಹಿಡಿದುಕೊಂಡಿರುವ ಗೇಣುದ್ದದ ಪಟ್ಟಿ ಅದು. ಮಾನ್ವಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ವಿಶಾಖಾ ತನ್ನ ಕಂಪ್ಯೂಟರ್ ಪದೇ ಪದೇ ನಿಲ್ಲುತ್ತದೆಂದು ಹೊತ್ತು ತಂದಳು. ರ‍್ಯಾಮ್ ಬದಲಿಸಬೇಕು ಎಂದ ರೇವಣಸಿದ್ದ.

"ಕಂಪನಿದು ತಗೊಳ್ಳಾಕ ನನ್ನ ಕೈಲೆ ಆಗೂದಿಲ್ಲ. ಈ ಹೆಸರಿಲ್ಲದ್ದು ಅರ್ಧಾ ರೇಟಿಗಿ ಅದ ಅಂತೀರಿ. ತಗೊಳ್ಳೋ ಬ್ಯಾಡೋ, ನೀವಾ ಹೇಳ್ರಿ ಅಣ್ಣಾರ."

"ಹೆಸರಿಲ್ಲಂದ್ರ ಕೆಟ್ಟದ್ದು ಅಂತಲ್ಲ ತಂಗೆವ್ವ. ನಮ್ಮ ಕುರಿಗಿ ಯಾವ ಕಂಪನಿ ಹೆಸರು ಅದ?"

"ಕುರಿ ತಪ್ಪು ಮಾಡಿದ್ರ ನಿಮ್ಮ ಹೊಲ ಮೇಯತದ. ಇದು ತಪ್ಪು ಮಾಡಿದ್ರ ಮಂದಿ ನೌಕರಿ ಹೋಗತದ."

"ಅದಕ್ಕಾ ಬೆಳಿಗ್ಗೆ ನೋಡಿ ಕೊಡ್ತೀನಿ," ಎಂದ. ನೋಡಿದ. ಒಂದೂ ತಪ್ಪು ಬರಲಿಲ್ಲ. ಹಾಕಿ ಕಳಿಸಿದ. ಅದೇ ಸರಕಿನಲ್ಲಿ ಅವನು ಹೀಗೆ ನೋಡಿ ಮಾರಿದ್ದು ಒಟ್ಟು ಒಂಬತ್ತು.

ಮೇ ತಿಂಗಳಲ್ಲಿ ವಿಶಾಖಾ ಮತ್ತೆ ಬಂದಳು. ಈ ಸಲ ಕೈಯಲ್ಲಿ ಒಂದು ಹಾಳೆ ಮಾತ್ರ ಇತ್ತು. ಸೂಫಿಯಾ ಎಂಬ ಹುಡುಗಿ ನರ್ಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿ ಕಳಿಸಿದವಳು ವಿಶಾಖಾ. ನೇಮಕಾತಿಯವರು ತೆರೆದಾಗ ಅರ್ಧ ಹಾಳೆ ಬರೀ ಬೂದಿ ಬಣ್ಣ. ಅರ್ಜಿ ತಿರಸ್ಕಾರವಾಗಿತ್ತು, ಕೊನೆಯ ದಿನವೂ ಮುಗಿದಿತ್ತು.

"ನಾನು ಕಳಿಸೋಮುಂದ ಪರದಿ ಮ್ಯಾಲೆ ಚೆಂದ ಇತ್ತು," ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಮರುದಿನ ಬೆಳಿಗ್ಗೆ ಅವನೇ ಮಾನ್ವಿಗೆ ಹೋಗಿ ಪರೀಕ್ಷೆ ಹಚ್ಚಿದ. ಎಂಟಕ್ಕೆ ಸರಿ, ಹತ್ತಕ್ಕೂ ಸರಿ. "ಇದರದ್ದು ತಪ್ಪಿಲ್ಲ," ಎಂದು ಬ್ಯಾಗು ಎತ್ತಿಕೊಂಡ.

"ಕುಂದರ್ರಿ ಅಣ್ಣಾರ. ಸೂಫಿಯಾನ ಅರ್ಜಿ ನಾನು ತುಂಬಿದ್ದು ಮಧ್ಯಾಹ್ನ ಎರಡೂವರಿಗಿ. ಕರೆಂಟ್ ಹೋಗಿತ್ತು. ಕಂಪ್ಯೂಟರ್ ಬ್ಯಾಟರಿ ಮ್ಯಾಲಿತ್ತು, ಫ್ಯಾನ್ ಇರಲಿಲ್ಲ."

ಕೂತ. ವಿಶಾಖಾಳೇ ಎದ್ದು ಫ್ಯಾನ್ ಆರಿಸಿದಳು. ಮೇಲೆ ತಗಡಿನ ಛಾವಣಿ. ಮಧ್ಯಾಹ್ನ ಒಂದು ಗಂಟೆಗೆ ಮೇಜು ಮುಟ್ಟಿದರೆ ಕೈ ಸುಡುತ್ತಿತ್ತು. ಎರಡಾದ ಮೇಲೆ ಪರದೆಯಲ್ಲಿ ತಪ್ಪು ತೋರಿಸುವ ಒಂದು ಕೆಂಪು ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು. ಆಮೇಲೆ ಸಾಲು ನಿಲ್ಲಲೇ ಇಲ್ಲ.

ಬೆಳಗಿನ ತಂಪಿನಲ್ಲಿ ಕಾಣುವುದು ಕುರಿಯ ರೋಗ. ಇದರ ರೋಗ ಬಿಸಿಲೇರಿದ ಮೇಲೆ ಕಾಣುವಂಥದ್ದು. ಇಷ್ಟು ವರ್ಷ ಅದು ಅವನಿಗೆ ಹೊಳೆದೇ ಇರಲಿಲ್ಲ.

"ಉಳಿದ ಎಂಟು ಎಲ್ಲಿ ಅದಾವ್ರಿ?" ವಿಶಾಖಾ ಮೆಲ್ಲಗೆ ಕೇಳಿದಳು.

ಅವನು ರ‍್ಯಾಮ್ ಪಟ್ಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. "ಮೊದಲು ಆ ಹುಡುಗಿ ಮನಿ ತೋರಸು."

ಸೂಫಿಯಾ ಒಳಗಿನಿಂದ ಹೊರಗೆ ಬರಲಿಲ್ಲ. ಅವಳ ತಾಯಿ ಕುಬ್ರಾ ಬೇಗಂ ನೀರು ಕೊಟ್ಟು, ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ತಪ್ಪು ನಿಮ್ಮ ಸಾಮಾನಿಂದು ಅಂತ ಬರದು ಕೊಟ್ರ ಅವರು ಅರ್ಜಿ ತಗೊಂತಾರೇನ್ರಿ?"

"ಇಲ್ಲವ್ವಾ."

"ಮತ್ತ ನನಗ್ಯಾಕ ಹೇಳಾಕ ಬಂದ್ರಿ?"

ರೇವಣಸಿದ್ದ ಲೋಟ ಕೆಳಗಿಟ್ಟು, ಕಾಲು ಎಳೆಯುತ್ತ ಬಸ್‌ಸ್ಟ್ಯಾಂಡಿಗೆ ನಡೆದ.

ಮರುದಿನ ಪೋತ್ನಾಳದಲ್ಲಿ, ಆ ಎಂಟರಲ್ಲಿ ಒಂದನ್ನು ಹಾಕಿಸಿಕೊಂಡಿದ್ದ ಮೌನೇಶನ ಅರ್ಜಿ ತುಂಬುವ ಅಂಗಡಿ. ಮೌನೇಶ ಕಂಪ್ಯೂಟರ್ ಮುಟ್ಟಗೊಡಲಿಲ್ಲ. "ಚೆಂದ ಓಡಾಕತ್ತದ. ಓಡೋದನ್ನ ಬಿಚ್ಚೋ ಮೇಸ್ತ್ರಿನ್ನ ನಾನು ಎಲ್ಲೂ ನೋಡಿಲ್ಲ."

ಅಷ್ಟರಲ್ಲಿ ಪಾರ್ವತೆಮ್ಮ ಎಂಬಾಕೆ ಮಗಳ ಹಾಸ್ಟೆಲ್ ಅರ್ಜಿಗೆ ಕಾಗದಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ರೇವಣಸಿದ್ದ ಬಾಗಿಲಿಗೆ ಅಡ್ಡ ನಿಂತ.

"ಇಲ್ಲಿ ಬ್ಯಾಡವ್ವಾ, ಬ್ಯಾರೆ ಕಡೆ ತುಂಬಸು. ಈ ಕಂಪ್ಯೂಟರಿನಾಗ ನಾನು ಕೆಟ್ಟ ಸಾಮಾನು ಹಾಕೀನಿ."

ಆಕೆ ಇಬ್ಬರ ಮುಖವನ್ನೂ ನೋಡಿ ಹಿಂದಿರುಗಿದಳು. ಮೌನೇಶ ಎದ್ದು ನಿಂತ. ಕೊನೆಗೆ ತಾನೇ ಕಂಪ್ಯೂಟರಿನ ಸ್ವಿಚ್ ಆರಿಸಿ, ಬಿಚ್ಚಲೆಂದು ಪೆಟ್ಟಿಗೆಯನ್ನು ಅವನ ಕಡೆ ತಿರುಗಿಸಿದ.