ಖಾಲಿ ಪರದೆಗೆ ಇನ್ನೂರು ಹಸಿರು

“ಹೊಟ್ಟೆಕಿಚ್ಚು ನಮಿತಾ ನಿಮಗೆ, ಬರೀ ಹೊಟ್ಟೆಕಿಚ್ಚು!”

“ಹೌದ್ರೀ, ಐತಿ! ಇಲ್ಲಂತ ಯಾರ ಹೇಳ್ಯಾರ? ಆದ್ರ ಮೊದ್ಲ ಈ ಪರದೆ ನೋಡ್ರಿ!”

ಬೆಳಗಿನ ಆರೂವರೆ. ನಾಗಪುರದ ಬಜಾಜ್ ನಗರದಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿ. ಕೂಗುತ್ತಿರುವವರು ತಂಡದ ಮುಖ್ಯಸ್ಥ ರಘುನಂದನ. ತಿರುಗಿ ಕೂಗುತ್ತಿರುವವರು ನಲವತ್ತೊಂದರ ನಮಿತಾ ಅಂಗಡಿ. ಅವರ ಬಗ್ಗೆ ಬರೆಯಲು ಬಂದ ನಾನು ಬಾಗಿಲಲ್ಲೇ ನಿಂತಿದ್ದೇನೆ.

ಇಲ್ಲಿ ತಯಾರಾಗುವ ಆ್ಯಪ್‌ನಲ್ಲಿ ರೋಗಿಗಳು ತಮ್ಮ ರಕ್ತಪರೀಕ್ಷೆಯ ವರದಿ ನೋಡಬಹುದು. ಕಾಣಬೇಕಾದದ್ದು ಕಾಣುತ್ತದೆಯೇ ಎಂಬ ಪರೀಕ್ಷೆಯನ್ನು, ಅಂದರೆ ಆ್ಯಪನ್ನು ತಪಾಸಣೆ ಮಾಡುವ ಪುಟ್ಟ ಪ್ರೋಗ್ರಾಮನ್ನು, ಎಲ್ಲರೂ ಬರೆಯುತ್ತಾರೆ. ನಮಿತಾ ಬರೆಯುವುದು ಕಾಣಬಾರದ್ದರ ಪರೀಕ್ಷೆ: ಬೇರೆಯವರ ವರದಿ ಬರಬಾರದು, ಅಳಿಸಿದ ಹೆಸರು ಮತ್ತೆ ಮೂಡಬಾರದು. ಹದಿನಾಲ್ಕು ವರ್ಷದಲ್ಲಿ ಇಂಥವು ಮೂರು ಸಾವಿರ. ಯಂತ್ರ ಅವನ್ನು ದಿನಾ ನಸುಕಿನಲ್ಲಿ ತಾನೇ ಓಡಿಸುತ್ತದೆ. ಆರಕ್ಕೆ ಬಂದು ಫಲಿತಾಂಶ ನೋಡುವುದು ಇವರ ಪಾಲಿನ ಕೆಲಸ. ಏನೂ ಕೆಡಲಿಲ್ಲ ಎಂಬುದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನನಗಂತೂ ಸಿಟ್ಟು ಬರುತ್ತದೆ.

ನಮಿತಾರ ತಂದೆ ಬೈಲಹೊಂಗಲದಿಂದ ಬಂದು ಇಲ್ಲಿನ ಮದ್ದುಗುಂಡಿನ ಕಾರ್ಖಾನೆ ಸೇರಿದವರು. ಮಗಳ ಓದು ಡಿಪ್ಲೊಮಾಗೇ ನಿಂತಿತು. ಅದೇ ನೆಪ ಹೇಳಿ ಇಲ್ಲಿ ಮೊದಲ ಏಳು ವರ್ಷ ಗುತ್ತಿಗೆ ನೌಕರಿಯಲ್ಲೇ ಇಟ್ಟರು.

ಕಳೆದ ತಿಂಗಳು ಕೆಲಸಕ್ಕೆ ಸೇರಿದ ಲಾಸ್ಯ ಒಂದೇ ವಾರದಲ್ಲಿ ಇಂಥ ಇನ್ನೂರು ಪರೀಕ್ಷೆ ಬರೆದಳು. ಎಲ್ಲವೂ ಹಸಿರು, ಅಂದರೆ ಪಾಸು. ಕಚೇರಿಯಲ್ಲಿ ಕೇಕ್ ಕತ್ತರಿಸಿದರು.

“ನನಗ ಇಷ್ಟು ವರ್ಷದಾಗ ಒಂದು ಬಿಸ್ಕೀಟ್ ಕೊಟ್ಟಿಲ್ರಿ. ಅಕೀ ಕೇಕ್ ಗಂಟಲದಾಗ ಇಳೀಲಿಲ್ಲ ನನಗ” ಎನ್ನುತ್ತಾರೆ ನಮಿತಾ.

ಆ ಉರಿಯಲ್ಲೇ ಇವತ್ತು ಬೇಗ ಬಂದು, ವರದಿ ಕಳಿಸುವ ಸರ್ವರನ್ನೇ ಬಂದ್ ಮಾಡಿ ಲಾಸ್ಯಳ ಪರೀಕ್ಷೆಗಳನ್ನು ಓಡಿಸಿದ್ದಾರೆ. ಪರದೆ ಪೂರ್ತಿ ಖಾಲಿ. ಆದರೂ ಇನ್ನೂರಕ್ಕೆ ಇನ್ನೂರೂ ಹಸಿರು!

“ಖಾಲಿ ಪುಟದಾಗ ಮಂದಿ ವರದಿ ಎಲ್ಲಿಂದ ಬರಬೇಕ್ರೀ? ಮೊದ್ಲ ರೋಗಿಗೆ ತನ್ನ ವರದಿ ಬರೋಬರ್ ಬಂತೇನ ನೋಡಬೇಕು. ಆಮ್ಯಾಲ ಬ್ಯಾರೆಯವ್ರದು ಇಲ್ಲ ಅನಬೇಕು. ಬಾಗಿಲಾ ತೆಗೀಲಾರ್ದ ಒಳಗ ಹಾವಿಲ್ಲ ಅಂದಂಗಾತು ಇದು.”

ರಘುನಂದನರ ದನಿ ಇಳಿಯುತ್ತದೆ. “ಹತ್ತಕ್ಕೆ ಆಸ್ಪತ್ರೆಯವರು ಬರ್ತಾರೆ. ಸರಿ ಮಾಡಿಬಿಡಿ, ಪ್ಲೀಸ್.”

ರೋಗಿಯ ಸ್ವಂತ ವರದಿ ಮೂಡುವವರೆಗೆ ಕಾಯುವ ಎರಡು ಸಾಲನ್ನು ನಮಿತಾ ಪ್ರತಿ ಪರೀಕ್ಷೆಯ ಮೊದಲಿಗೆ ಸೇರಿಸಿ, ಸರ್ವರ್ ಚಾಲೂ ಮಾಡುತ್ತಾರೆ. ಈಗ ಒಂಬತ್ತು ಕೆಂಪು, ಅಂದರೆ ಫೇಲು; ಇಷ್ಟು ದಿನ ಅವು ವರದಿ ಮೂಡುವ ಮುಂಚೆಯೇ ಖಾಲಿ ಪುಟ ನೋಡಿ ಪಾಸಾಗುತ್ತಿದ್ದವು. ಒಂದೇ ಮೊಬೈಲಿನಲ್ಲಿ ಇಬ್ಬರು ನೋಡಿದರೆ, ಮೊದಲನೆಯವರ ವರದಿ ಎರಡನೆಯವರಿಗೂ ಕಾಣುತ್ತಿದೆ! ಅಷ್ಟರಲ್ಲಿ ಕೆಲಸಕ್ಕೆ ಬಂದ ಲಾಸ್ಯ ಪರದೆ ನೋಡಿ ತಲೆ ತಗ್ಗಿಸುತ್ತಾಳೆ.

ನಿಮ್ಮ ಆಸೆ ಏನು ಎಂದು ನಮಿತಾರನ್ನು ಕೇಳುತ್ತೇನೆ.

“ದೊಡ್ಡದೇನಿಲ್ರಿ. ಇದನ್ನ ಹಿಡದಾಕಿ ನಮಿತಾ ಅಂತ ಒಂದ್ಸಲ ಆಸ್ಪತ್ರೆಯವ್ರ ಮುಂದ ಸಾಹೇಬ್ರು ಹೇಳ್ಲಿ.”

ಹತ್ತಕ್ಕೆ ಆಸ್ಪತ್ರೆಯವರು ಬರುತ್ತಾರೆ. ರಘುನಂದನ ನಗುತ್ತ ಹಿಂದಿಯಲ್ಲಿ ಹೇಳುತ್ತಾರೆ: ಒಂಬತ್ತು ತಪ್ಪು ಹಿಡಿದದ್ದು ನಮ್ಮ ಲಾಸ್ಯ ಬರೆದ ಪರೀಕ್ಷೆಗಳು.

ನಮಿತಾ ಊಟದ ಡಬ್ಬಿ ಎತ್ತಿಕೊಳ್ಳುತ್ತಾರೆ. ಬಾಗಿಲಲ್ಲಿ ಒಮ್ಮೆ ನಿಲ್ಲುತ್ತಾರೆ.

“ಆ ಎರಡು ಸಾಲು ಮಾತ್ರ ಅಳಸಬ್ಯಾಡ್ರಿ.”

ನಾನು ಮಧ್ಯಾಹ್ನ ಎರಡರವರೆಗೆ ಅವರ ಕುರ್ಚಿಯ ಪಕ್ಕದಲ್ಲೇ ಕಾಯುತ್ತೇನೆ. ಅವರು ಬರುವುದಿಲ್ಲ.