ಪಾಟೀಲ್ ಅಂಕಲ್ ಬೇಡವೆಂದ ಕ್ಯಾಚ್

ಪಾಟೀಲ್ ಅಂಕಲ್ ಎಂಥ ಪ್ರಾಮಾಣಿಕರು ಅನ್ನುವುದಕ್ಕೆ ಅಮೆರಿಕದ ನಮ್ಮ ಡರ್ಹಮ್ ಊರಿನ ಕನ್ನಡಿಗರೆಲ್ಲ ಒಂದೇ ಕ್ಯಾಚಿನ ಕಥೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ದಿನ ಸ್ಕೋರು ಬರೆಯುತ್ತ ಅವರ ಬೆನ್ನ ಹಿಂದೆಯೇ ಕೂತಿದ್ದವಳು ನಾನು.

ಹತ್ತೊಂಬತ್ತನೇ ಶತಮಾನದ ನಿಯಮದಂತೆ ಬೇಸ್‌ಬಾಲ್ ಆಡುವ ಕ್ಲಬ್ಬು ನಮ್ಮದು. ಗ್ಲವ್ ಯಾರಿಗೂ ಇಲ್ಲ, ಬ್ಯಾಟ್ಸ್‌ಮನ್ನಿನ ಹಿಂದೆ ನಿಲ್ಲುವ ಕ್ಯಾಚರ್‌ಗೂ ಇಲ್ಲ. ನೆಲಕ್ಕೆ ತಾಗಿ ಒಂದು ಪುಟ ಬಿದ್ದ ಚೆಂಡು ಹಿಡಿದರೂ ಔಟ್, ಎರಡಾದರೆ ಇಲ್ಲ. ಹುಬ್ಬಳ್ಳಿಯ ಓಣಿಯಲ್ಲಿ ‘ಒನ್ ಪಿಚ್ ಕ್ಯಾಚ್’ ಆಡಿ ಬೆಳೆದ ಅಂಕಲ್‌ಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

“ಚೆಂಡು ಹಿಡೀಬ್ಯಾಡವಾ, ಒಳಗ ಕರ್ಕೊ. ಮನಿಗೆ ಬಂದವ್ರನ್ನ ಬಾಗಲದಾಗ ನಿಂದ್ರಸ್ತಾರೇನು?” ಅನ್ನುತ್ತ ಬರಿಗೈಯನ್ನು ಎದೆಗೆ ಎಳೆದುಕೊಂಡು ನನಗೆ ತೋರಿಸುತ್ತಿದ್ದರು.

ಆಂಟಿಗೆ ಅವರ ಬೆರಳುಗಳದೇ ಚಿಂತೆ: “ಬಟ್ಟ ಮುರಕೊಂಡ್ ಬಂದ್ರ ರೊಟ್ಟಿ ಯಾರ್ ಬಡೀಬೇಕ್ರಿ?” ಆ ಮನೆಯಲ್ಲಿ ರೊಟ್ಟಿ ಬಡಿಯುವವರು ಅಂಕಲ್ಲೇ.

ಎರಡು ಸೀಸನ್ ಅವರಿಗೆ ಬೆಂಚೇ ಗತಿಯಾಯಿತು. ಕ್ಯಾಚರ್‌ನ ಹೆಬ್ಬೆರಳು ಊದಿದ ದಿನ ಕ್ಯಾಪ್ಟನ್ ಇವರನ್ನು ಕರೆದ. ಕರೆದು, ನಗುತ್ತ ಹೇಳಿದ: ನೇರ ಬಂದದ್ದು ನಿಮ್ಮ ಕೈಲಾಗಲ್ಲ, ಪುಟ ಬಿದ್ದದ್ದನ್ನು ಹಿಡಿಯಿರಿ ಸಾಕು, ಕೈಜಾರಿದರೆ ಮತ್ತೆ ಅವಕಾಶ ಕೇಳಬೇಡಿ. ಅಂಕಲ್ “ಓಕೆ, ಓಕೆ” ಅಂದರು. ಕಿವಿ ಕೆಂಪಾಗಿತ್ತು.

ನಮಗೆ ಒಂದೇ ರನ್ನಿನ ಮುನ್ನಡೆ, ಎದುರಾಳಿಯ ಕೊನೆಯ ಬ್ಯಾಟ್ಸ್‌ಮನ್. ಚೆಂಡು ಅಂಚಿಗೆ ತಾಗಿ ಹಿಂದಕ್ಕೆ ಹಾರಿತು. ಅಂಕಲ್ ತಿರುಗಿ ಓಡಿ ಬಂದು ನನ್ನ ಮೇಜಿನ ಮುಂದೆಯೇ ಹಿಡಿದರು. ಅವರ ಬೆನ್ನು ಅಡ್ಡವಾಗಿ ಅಂಪೈರ್‌ಗೆ ಕಾಣಲಿಲ್ಲ. ಅಂಥ ಹೊತ್ತಲ್ಲಿ ಆಟಗಾರನ ಮಾತೇ ತೀರ್ಪು ಅನ್ನುವುದು ಹಳೇ ಪದ್ಧತಿ. ಅಂಪೈರ್ ಕೇಳಿದ: ಒಂದು ಪುಟವೋ, ಎರಡೋ?

“ಟೂ, ಸರ್,” ಅಂದರು ಅಂಕಲ್.

ಗೆದ್ದ ಆಟ ವಾಪಸ್! ಕ್ಯಾಪ್ಟನ್ ಟೋಪಿ ನೆಲಕ್ಕೆ ಬಡಿದ.

ಮರುಚೆಂಡು. ಮತ್ತೆ ಅಂಚು, ಈ ಸಲ ನೆಲ ಮುಟ್ಟಲೇ ಇಲ್ಲ. ಮುಖಕ್ಕೇ ನುಗ್ಗಿದ್ದನ್ನು ಅಂಕಲ್ ಎರಡೂ ಬರಿಗೈಯಲ್ಲಿ ಎದೆಗೆಳೆದುಕೊಂಡರು. ನೇರ ಕ್ಯಾಚ್! ಚೆಂಡನ್ನು ಕ್ಯಾಪ್ಟನ್ನಿನ ಕಡೆ ಎಸೆದು, ಬೆರಳುಗಳನ್ನೆಲ್ಲ ಹರಡಿ ಆಂಟಿಗೆ ಕೂಗಿದರು: “ಎಣಿಸ್ಕೊ! ಹತ್ತೂ ಅದಾವ!” ಮೈದಾನವೇ ಎದ್ದು ಕುಣಿಯಿತು. ಆಮೇಲೆ ಮೂರು ಸೀಸನ್ ಆ ಜಾಗದಲ್ಲಿ ಬೇರೆ ಯಾರೂ ನಿಲ್ಲಲಿಲ್ಲ.

ಆ ‘ಟೂ’ ಅಂದದ್ದನ್ನು ಎಲ್ಲರೂ ಪ್ರಾಮಾಣಿಕತೆ ಅಂದರು. ಡಿಬೇಟಿನಲ್ಲಿ ಪಳಗಿದ ನನಗೆ ಚಪ್ಪಾಳೆ ಸಾಕ್ಷಿಯಲ್ಲ. ಆ ಮೊದಲ ಚೆಂಡು ಬಿದ್ದದ್ದು ಒಂದೇ ಪುಟ, ಕಣ್ಣಾರೆ ಕಂಡಿದ್ದೇನೆ. ಅಂಕಲ್ ಹೇಳಿದ್ದು ಸುಳ್ಳು. ನೇರದ್ದು ಕೈಲಾಗಲ್ಲ ಅಂದವನಿಗೆ ತೋರಿಸಿಕೊಡುವ ಸೊಕ್ಕಿನ ಸುಳ್ಳು. ಅಷ್ಟು ಚಂದದ ಸೊಕ್ಕನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೆಲಸ ಬದಲಾಗಿ ಅವರು ಆಶ್‌ಬರ್ನ್‌ಗೆ ಹೊರಟ ಬೆಳಿಗ್ಗೆ, ಟ್ರಕ್ಕಿಗೆ ಸಾಮಾನು ಏರಿಸುತ್ತಿದ್ದವರಿಗೆ ಅಡ್ಡ ನಿಂತು ಕೇಳಿದೆ:

“ಅಂಕಲ್, ಒಂದೇ ಪುಟ ಬಿದ್ದಿದ್ದು ನಂಗೊತ್ತು. ಆಮೇಲಿನ ಚೆಂಡು ಕೈತಪ್ಪಿದ್ರೆ ಏನ್ಮಾಡ್ತಿದ್ರಿ?”

ಅಂಕಲ್ ಕೈಲಿದ್ದ ಡಬ್ಬಿಯನ್ನು ಎದೆಗೆಳೆದುಕೊಂಡು ನಕ್ಕರು: “ಒಳಗ ಕರದ್ರ ಯಾರರ ತಿರುಗಿ ಹೋಗ್ತಾರೇನವಾ?”